ಮೀನಿನ ಮೈಯಲ್ಲಿ ವಿಷಸಂಚಯದ ಲೆಕ್ಕ: ಹಂದಿಗೋಡಿನ ಪ್ರಸಂಗ ಮತ್ತು ಮೊರಬದ ಎರೆನೆಲ

ಕರ್ನಾಟಕದಲ್ಲಿ ಕೀಟನಾಶಕಗಳ ಚರಿತ್ರೆ ಹೆಚ್ಚಾಗಿ ಇಳುವರಿಯ ಚರಿತ್ರೆಯ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಮೊರಬದಂತಹ ಎರೆನೆಲದ ಊರುಗಳಲ್ಲಿ ಅದು ಹತ್ತಿಯೊಡನೆ ಹೆಣೆದುಕೊಂಡಿದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 1972ರಲ್ಲಿ ‘ವರಲಕ್ಷ್ಮಿ’, 1981ರಲ್ಲಿ ‘ಜಯಲಕ್ಷ್ಮಿ’ ಎಂಬ ಸಂಕರ ಹತ್ತಿ ತಳಿಗಳು ಹೊರಬಂದವು. ಇಂತಹ ತಳಿಗಳ ಬೇಸಾಯ ಹಬ್ಬಿದಂತೆ ಸಿಂಪರಣೆಯೂ ಹೆಚ್ಚಿತು. ರೈತರ ಬಾಯಲ್ಲಿ ಈ ದ್ರಾವಣಕ್ಕೆ ‘ಎಣ್ಣೆ’ ಎಂದೇ ಹೆಸರು. ಹೊಲದಿಂದ ಮಳೆನೀರಿನೊಡನೆ ಹಳ್ಳಕ್ಕೂ ಕೆರೆಗೂ ಇಳಿದ ಎಣ್ಣೆ ಮುಂದೆ ಎಲ್ಲಿ ನೆಲೆಗೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕೇವಲ ನೀರಿನ ಪರೀಕ್ಷೆಯಿಂದ ಬಿಡಿಸಲಾಗದು.

ಈ ಸಂಗತಿ ಮೊದಲು ಸ್ಪಷ್ಟವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರದಲ್ಲಿ. ನುಸಿಗಳ ನಿವಾರಣೆಗಾಗಿ 1949, 1954 ಮತ್ತು 1957ರಲ್ಲಿ ಅಲ್ಲಿ ಡಿಡಿಡಿ ಬೆರೆಸಲಾಯಿತು. ನೀರಿನಲ್ಲಿ ಅತ್ಯಲ್ಪವಾಗಿದ್ದ ವಿಷ ಮೀನುಗಳ ಕೊಬ್ಬಿನಲ್ಲಿಯೂ ಅವನ್ನು ತಿಂದ ಹಕ್ಕಿಗಳಲ್ಲಿಯೂ ಸಾವಿರಾರು ಪಟ್ಟು ಹೆಚ್ಚಿದ್ದುದು 1960ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು. ಇದನ್ನು ಗಣಿತಕ್ಕೆ ಒಳಪಡಿಸುವ ಯತ್ನಗಳು 1970ರ ದಶಕದವು. ನೀಲಿ, ಬ್ರಾನ್ಸನ್ ಮತ್ತು ಬ್ಲಾ 1974ರಲ್ಲಿ ತೋರಿಸಿದಂತೆ, ಒಂದು ರಾಸಾಯನಿಕ ನೀರು ಮತ್ತು ಆಕ್ಟನಾಲ್‌ಗಳ ನಡುವೆ ಹಂಚಿಹೋಗುವ ಪ್ರಮಾಣದಿಂದ ಟ್ರೌಟ್ ಮೀನಿನಲ್ಲಿ ಅದರ ಸಂಚಯವನ್ನು ಅಂದಾಜಿಸಬಹುದು. ಆಕ್ಟನಾಲ್ ಇಲ್ಲಿ ಕೊಬ್ಬಿನ ಪ್ರತಿನಿಧಿ. ಮುಂದಿನ ಮಾದರಿಗಳು ಆಯವ್ಯಯದ ಪಟ್ಟಿಯನ್ನು ಹೋಲುತ್ತವೆ: ಕಿವಿರು ಮತ್ತು ಆಹಾರಗಳ ಮೂಲಕ ಬಂದುದು ಜಮೆ, ಕಿವಿರಿನಿಂದಲೇ ಮರಳಿದ್ದು, ವಿಸರ್ಜನೆಯಾದದ್ದು, ದೇಹದೊಳಗೆ ವಿಘಟನೆಗೊಂಡದ್ದು ಖರ್ಚು. ಮೀನು ಬೆಳೆದಂತೆ ಅದೇ ವಿಷ ಹೆಚ್ಚು ತೂಕದಲ್ಲಿ ಹರಡಿ ತೆಳುವಾಗುವುದನ್ನೂ ಎಣಿಸಬೇಕು.

ಕರ್ನಾಟಕದಲ್ಲಿ ಈ ಲೆಕ್ಕ ಅತ್ಯಂತ ಅಗತ್ಯವಾಗಿದ್ದ ಪ್ರಸಂಗವೆಂದರೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನದು. 1975ರ ಸುಮಾರಿಗೆ ಬೆಳಕಿಗೆ ಬಂದ ಸೊಂಟ, ಮಂಡಿಗಳ ಬೇನೆ ಅಲ್ಲಿನ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೂಲಿಕಾರರನ್ನು ನಡೆಯಲಾಗದ ಸ್ಥಿತಿಗೆ ತಂದಿತು. ಗದ್ದೆಯ ಏಡಿ, ಮೀನು ಅವರ ಆಹಾರವಾಗಿದ್ದವು. ಗದ್ದೆಗೆ ಹೊಡೆದ ಎಂಡ್ರಿನ್, ಪ್ಯಾರಾಥಿಯಾನ್‌ಗಳ ಮೇಲೆ ಸಂಶಯ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು 1977ರಲ್ಲಿ ವಿವರಿಸಿದರು. ಅನಂತರದ ಸಂಶೋಧನೆಗಳು ಇದನ್ನು ಅನುವಂಶೀಯ ಅಸ್ಥಿದೋಷವೆಂದು ಗುರುತಿಸಿವೆ.

ರೋಗದ ಕಾರಣ ಯಾವುದು ಎಂಬುದು ಒಂದು ಪ್ರಶ್ನೆ. ಉಣ್ಣುವವರ ಮೈಗೆ ಎಷ್ಟು ವಿಷ ಸೇರಿತು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ದೊರೆತ ಮಾತ್ರಕ್ಕೆ ಎರಡನೆಯದು ಇತ್ಯರ್ಥವಾಗುವುದಿಲ್ಲ. ಸಂಶಯಕ್ಕೊಳಗಾದ ಎರಡು ಔಷಧಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದೂ ಸಾಧುವಲ್ಲ. ಆರ್ಗನೋಕ್ಲೋರಿನ್ ಆದ ಎಂಡ್ರಿನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕೊಬ್ಬನ್ನು ಅರಸುತ್ತದೆ. ಆರ್ಗನೋಫಾಸ್ಫೇಟ್ ಆದ ಪ್ಯಾರಾಥಿಯಾನ್‌ನ ಆಕ್ಟನಾಲ್ ಒಲವು ಅದಕ್ಕಿಂತ ಹತ್ತು ಪಟ್ಟಿಗೂ ಕಡಿಮೆ. ಅದು ಬೇಗ ವಿಘಟನೆಗೊಳ್ಳುತ್ತದೆ. ಅದರ ಅಪಾಯ ತಕ್ಷಣದ್ದು, ಸಂಚಯದ್ದಲ್ಲ.

ಎರೆನೆಲದ ಕೆರೆಗಳಿಗೆ ಈ ಮಾದರಿಗಳನ್ನು ನೇರವಾಗಿ ಅನ್ವಯಿಸುವುದು ದುಡುಕಾದೀತು. ಅವುಗಳ ಮೂಲ ಅಂಕಿಗಳು ತಣ್ಣೀರಿನ ಟ್ರೌಟ್‌ನವು. ಬಯಲುಸೀಮೆಯ ಬೆಚ್ಚನೆಯ ನೀರಿನಲ್ಲಿ ಉಸಿರಾಟ, ವಿಘಟನೆ ಎರಡೂ ಚುರುಕು. ಅದಕ್ಕಿಂತ ಮುಖ್ಯವಾದದ್ದು ಮಣ್ಣು. ಕೊಬ್ಬನ್ನು ಅರಸುವ ರಾಸಾಯನಿಕ ಕದಡಿದ ಕೆಸರಿನ ಜೈವಿಕಾಂಶಕ್ಕೂ ಅಂಟಿಕೊಳ್ಳುತ್ತದೆ. ಆಗ ಕಿವಿರಿಗೆ ತಲುಪುವ ಕರಗಿದ ಪಾಲು ಇಳಿದು, ನೀರಿನ ಮಾದರಿ ನಿರ್ದೋಷವೆಂದು ತೋರಬಹುದು. ಆದರೆ ತಳದಲ್ಲಿ ಮೇಯುವ ಮೃಗಾಲ್ ಮೀನು ಅದೇ ಕೆಸರನ್ನು ನುಂಗುತ್ತದೆ, ಮೇಲ್ಪದರದಲ್ಲಿ ಮೇಯುವ ಕಾಟ್ಲಾ ನುಂಗುವುದಿಲ್ಲ. ಆದುದರಿಂದ ಎರೆನೆಲದ ಕೆರೆಯೊಂದರ ವಿಷಚರಿತ್ರೆಯನ್ನು ಅರಿಯಲು ನೀರು, ಹೂಳು ಹಾಗೂ ಈ ಎರಡು ಬಗೆಯ ಮೀನುಗಳನ್ನು ಒಂದೇ ಋತುವಿನಲ್ಲಿ, ಸಿಂಪರಣೆಯ ನಂತರದ ಮೊದಲ ದೊಡ್ಡ ಮಳೆಯ ಬೆನ್ನಿಗೆ ಪರೀಕ್ಷಿಸಬೇಕಾಗುತ್ತದೆ.