ಉದ್ಯಮ ಘಟಕಗಳಿಗೆ ವಿದ್ಯುತ್ ಸರಬರಾಜು ಮುಂದುವರಿಸುವ ಬಗ್ಗೆ ನ್ಯಾಯಾಲಯದ ತಡೆಯಾಜ್ಞೆ – ಸಾರ್ವಜನಿಕರಿಗೆ ಮಾಹಿತಿ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಾಗಲಿ, ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ ಹಾಗೂ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಾಗಲಿ ವಿದ್ಯುತ್ ಕಡಿತಗೊಂಡ ಕೂಡಲೇ ಕೆಲಸ ನಿಲ್ಲುತ್ತದೆ. ದಿನಗೂಲಿ ನೌಕರರ ಅಂದಿನ ಸಂಪಾದನೆಯೂ ಹೋಗುತ್ತದೆ. ಇಂತಹ ಸಂದರ್ಭದಲ್ಲಿ ಸರಬರಾಜನ್ನು ಮುಂದುವರಿಸಲು ನ್ಯಾಯಾಲಯದಿಂದ ಆದೇಶ ಪಡೆಯಬಹುದೇ ಎಂಬುದು, ಕಡಿತಗೊಳಿಸಿದವರು ಯಾರು ಎಂಬುದನ್ನು ಮುಖ್ಯವಾಗಿ ಅವಲಂಬಿಸಿರುತ್ತದೆ.

ಬೆಸ್ಕಾಂ ವತಿಯಿಂದ ಕಡಿತ

ವಿದ್ಯುಚ್ಛಕ್ತಿ ಅಧಿನಿಯಮ, 2003ರ 145ನೇ ಪ್ರಕರಣದ ಮೇರೆಗೆ, ಸದರಿ ಅಧಿನಿಯಮದಡಿ ಪ್ರದತ್ತವಾದ ಅಧಿಕಾರದಂತೆ ಕೈಗೊಂಡ ಅಥವಾ ಕೈಗೊಳ್ಳಲಿರುವ ಕ್ರಮಕ್ಕೆ ತಡೆಯಾಜ್ಞೆ ನೀಡತಕ್ಕದ್ದಲ್ಲ. ಆದ್ದರಿಂದ ಬಿಲ್ಲಿನ ತಕರಾರಿಗಾಗಿ ನೇರವಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದರಿಂದ ಸಾಮಾನ್ಯವಾಗಿ ಕಾಲಹರಣವೇ ಆಗುತ್ತದೆ.

ಇದಕ್ಕಿಂತ ಸುಲಭವಾದ ರಕ್ಷಣೆ 56ನೇ ಪ್ರಕರಣದಲ್ಲಿಯೇ ಇದೆ. ಬಾಕಿಗಾಗಿ ಸರಬರಾಜು ಕಡಿತಗೊಳಿಸುವ ಮುನ್ನ ಪೂರ್ಣ 15 ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟಿಸು ನೀಡತಕ್ಕದ್ದು. ಗ್ರಾಹಕರು ತಮ್ಮ ಆಕ್ಷೇಪಣೆಯನ್ನು ದಾಖಲಿಸಿ, ಕೇಳಲಾದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿಯಂತೆ ಪ್ರತಿ ತಿಂಗಳಿಗೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ಠೇವಣಿ ಮಾಡಿದಲ್ಲಿ, ವಿವಾದ ಇತ್ಯರ್ಥವಾಗುವವರೆಗೆ ಸರಬರಾಜನ್ನು ಕಡಿತಗೊಳಿಸುವಂತಿಲ್ಲ. ಉದಾಹರಣೆಗೆ, ಪ್ರತಿ ತಿಂಗಳು ಸರಾಸರಿ 9,000 ರೂ. ಪಾವತಿಸುತ್ತಿದ್ದ ಘಟಕಕ್ಕೆ ಒಂದು ತಿಂಗಳು ಏಕಾಏಕಿ 60,000 ರೂ. ಬಿಲ್ಲು ಬಂದಲ್ಲಿ, ಆ ತಿಂಗಳಿಗೆ 9,000 ರೂ. ಠೇವಣಿ ಸಾಕಾಗುತ್ತದೆ. ಠೇವಣಿಯ ಪತ್ರದಲ್ಲಿ ಆರ್.ಆರ್. ಸಂಖ್ಯೆ ಹಾಗೂ "ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ" ಎಂಬ ಒಕ್ಕಣೆ ಇರಲಿ. ಉಪವಿಭಾಗ ಕಚೇರಿಯಿಂದ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಏನನ್ನೂ ಪಾವತಿಸದೆ ಕೇವಲ ಮನವಿ ಸಲ್ಲಿಸಿದವರಿಗೆ ಈ ರಕ್ಷಣೆ ದೊರೆಯುವುದಿಲ್ಲ.

ತದನಂತರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ವಿದ್ಯುತ್ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಸಂವಿಧಾನದ 226ನೇ ಅನುಚ್ಛೇದದಡಿ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರಕ್ಕೆ 145ನೇ ಪ್ರಕರಣದಿಂದ ಬಾಧೆಯಿಲ್ಲ. ಆದರೆ ಪರ್ಯಾಯ ಪರಿಹಾರವನ್ನು ಬಳಸಿಕೊಂಡಿಲ್ಲವೆಂಬ ಕಾರಣದಿಂದ ಅರ್ಜಿಯನ್ನು ಪರಿಗಣಿಸದಿರಲೂಬಹುದು.

ಅನಧಿಕೃತ ಬಳಕೆ ಹಾಗೂ ವಿದ್ಯುತ್ ಕಳ್ಳತನದ ಪ್ರಕರಣಗಳು ಬೇರೆ. 126ನೇ ಪ್ರಕರಣದ ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ, ನಿರ್ಧರಿತ ಮೊತ್ತದ ಅರ್ಧಭಾಗವನ್ನು ಠೇವಣಿ ಮಾಡಿ 127ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸತಕ್ಕದ್ದು.

ಕಟ್ಟಡದ ಮಾಲೀಕರಿಂದ ಕಡಿತ

ಬಾಡಿಗೆಯ ಶೆಡ್ಡಿನಲ್ಲಿ ಮಾಲೀಕರೇ ಫ್ಯೂಸ್ ತೆಗೆದಲ್ಲಿ ಅಥವಾ ನೀರಿನ ವಾಲ್ವ್ ಮುಚ್ಚಿದಲ್ಲಿ, ಅದು ವಿದ್ಯುಚ್ಛಕ್ತಿ ಅಧಿನಿಯಮದಡಿಯ ಕ್ರಮವಾಗುವುದಿಲ್ಲ. ಅಂತಹ ಬಾಡಿಗೆದಾರರು ಸಂಬಂಧಿತ ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 39ನೇ ಪ್ರಕರಣದಡಿ ಸರಬರಾಜನ್ನು ಮರುಸ್ಥಾಪಿಸುವ ಆಜ್ಞಾಪಕ ತಡೆಯಾಜ್ಞೆಯನ್ನು ಹಾಗೂ ದಾವೆ ಬಾಕಿಯಿರುವಾಗ ಮಧ್ಯಂತರ ಆದೇಶವನ್ನು ಕೋರಬಹುದು. ವಿವಾದಕ್ಕೆ ಮುಂಚಿನ ಯಥಾಸ್ಥಿತಿಯನ್ನು ಮರಳಿಸಲು ಇಂತಹ ಮಧ್ಯಂತರ ಆದೇಶ ನೀಡಬಹುದಾದರೂ, ಅದಕ್ಕೆ ಮೇಲ್ನೋಟದ ಪ್ರಕರಣಕ್ಕಿಂತ ಬಲವಾದ ಆಧಾರ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಡೊರಾಬ್ ಕಾವಸ್‌ಜಿ ವಾರ್ಡನ್ ಪ್ರಕರಣದಲ್ಲಿ ತಿಳಿಸಿರುತ್ತದೆ. ಬಾಡಿಗೆ ಕರಾರು, ಬಾಡಿಗೆ ರಸೀದಿ ಮತ್ತು ಕಡಿತದ ದಿನದವರೆಗಿನ ವಿದ್ಯುತ್ ಬಿಲ್ಲುಗಳೇ ಆ ಆಧಾರ. ಬಾಡಿಗೆಯನ್ನೇ ಉಳಿಸಿಕೊಂಡವರ ಕೋರಿಕೆ ದುರ್ಬಲವಾಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು ಬಂದವರದೂ ಅಷ್ಟೇ. ಆದೇಶವನ್ನು ಉಲ್ಲಂಘಿಸಿದವರ ಸ್ವತ್ತನ್ನು ಜಪ್ತಿ ಮಾಡಲು ಹಾಗೂ 3 ತಿಂಗಳು ಮೀರದಂತೆ ಸಿವಿಲ್ ಕಾರಾಗೃಹದಲ್ಲಿರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮದಲ್ಲಿ ಅವಕಾಶವಿರುತ್ತದೆ.

ಮಾಲೀಕರು ನಿರಾಕ್ಷೇಪಣಾ ಪತ್ರ ನೀಡಲಿಲ್ಲವೆಂಬ ಕಾರಣದಿಂದ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ, ಅರ್ಜಿದಾರರು ಸ್ಥಳದ ಅನುಭೋಗದಲ್ಲಿರುವರೇ ಎಂಬುದನ್ನಷ್ಟೇ ಪರಿಶೀಲಿಸತಕ್ಕದ್ದು ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ದಿಲೀಪ್ ವಿರುದ್ಧ ಸತೀಶ್ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ.

ಹರಾಜಿನಲ್ಲಿ ಶೆಡ್ಡು ಖರೀದಿಸುವವರು ಗಮನಿಸಬೇಕಾದ ಅಂಶವೊಂದಿದೆ. ಹಿಂದಿನ ಮಾಲೀಕರ ಬಾಕಿ ತೀರುವವರೆಗೆ ಹೊಸ ಸಂಪರ್ಕ ನೀಡದಿರುವ ಷರತ್ತನ್ನು ವಿದ್ಯುತ್ ಸರಬರಾಜು ನಿಯಮಗಳಲ್ಲಿ ವಿಧಿಸಬಹುದೆಂದು ಕೆ.ಸಿ. ನೈನಾನ್ ಪ್ರಕರಣದಲ್ಲಿ (2023) ತೀರ್ಮಾನವಾಗಿದೆ. ಆದುದರಿಂದ ಖರೀದಿಗೆ ಮುನ್ನವೇ ಉಪವಿಭಾಗ ಕಚೇರಿಯಲ್ಲಿ ಆರ್.ಆರ್. ಸಂಖ್ಯೆ ನೀಡಿ ಬಾಕಿಯ ವಿವರ ಪಡೆಯತಕ್ಕದ್ದು.