ತಿಪಟೂರು ಸೀಮೆಯ ರೈಲ್ವೆ ಟಿಕೆಟ್ ಗುಮಾಸ್ತ

ಬೆಂಗಳೂರು–ಹರಿಹರ ಮೀಟರ್ ಗೇಜ್ ಮಾರ್ಗವು 1889ರಲ್ಲಿ ಪೂರ್ಣಗೊಂಡಿತು. ಕೊಬ್ಬರಿ ವ್ಯಾಪಾರದ ಕೇಂದ್ರವಾದ ತಿಪಟೂರು ಈ ಮಾರ್ಗದಲ್ಲಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳು ಅದರಿಂದ ದೂರ ಉಳಿದವು; ತುರುವೇಕೆರೆ ತಾಲ್ಲೂಕಿಗೆ ಬಾಣಸಂದ್ರ, ಅಮ್ಮಸಂದ್ರ ನಿಲ್ದಾಣಗಳು ಒದಗಿದವು.

ಟಿಕೆಟ್ ಗುಮಾಸ್ತನ ಕಾರ್ಯವಿಧಾನವು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ 1830ರ ದಶಕದಲ್ಲಿ ರೂಪಿಸಿದ ರಟ್ಟಿನ ಟಿಕೆಟ್ಟನ್ನು ಆಧರಿಸಿತ್ತು. ಪ್ರತಿ ಟಿಕೆಟ್ಟಿಗೂ ಕ್ರಮಸಂಖ್ಯೆಯಿತ್ತು. ಗುಮಾಸ್ತನು ಅದರ ಮೇಲೆ ಯಂತ್ರದಿಂದ ದಿನಾಂಕವನ್ನು ಒತ್ತಿ ಕೊಡುತ್ತಿದ್ದನು. ಆರಂಭದ ಹಾಗೂ ಮುಕ್ತಾಯದ ಸಂಖ್ಯೆಗಳ ಅಂತರವೇ ಮಾರಾಟದ ಲೆಕ್ಕ. ಹಣ ಕಡಿಮೆ ಬಿದ್ದರೆ ಹೊಣೆ ಅವನದೇ.

ಯಾವ ಊರಿಗೆ ಎಷ್ಟು ಮಂದಿ ಪಯಣಿಸಿದರೆಂಬುದನ್ನು ಈ ಲೆಕ್ಕ ತಿಳಿಸುತ್ತದೆ. ಅವರು ಯಾರೆಂಬುದನ್ನು ತಿಳಿಸದು. ಅದನ್ನು ಬಲ್ಲವನು ಕಿಟಕಿಯ ಒಳಗಿದ್ದ ಗುಮಾಸ್ತ. ರಟ್ಟಿನ ಟಿಕೆಟ್ಟಿನ ಸ್ಥಾನವನ್ನು ಕಂಪ್ಯೂಟರ್ ಟಿಕೆಟ್ ಪಡೆದಿರುವ ಇಂದು, ತೆಂಗಿನ ಸೀಮೆಯ ಸಾಮಾಜಿಕ ಚರಿತ್ರೆಗೆ ನಿವೃತ್ತ ಗುಮಾಸ್ತರ ನೆನಪುಗಳ ದಾಖಲೀಕರಣ ಅತ್ಯಗತ್ಯ.