ಒಪ್ಪಿಗೆಯ ಹೆಸರಿನಲ್ಲಿ ಬಂದ ಜಾಹೀರಾತು

ವರದಾ ನದಿಯ ತೀರದ ಹೊಸರಿತ್ತಿಯ ಹೆಸರು ನಾಡಿನ ಚರಿತ್ರೆಯಲ್ಲಿ ನೆಲೆನಿಂತಿರುವುದು 1943ರ ಏಪ್ರಿಲ್ 1ರಂದು, ಅಲ್ಲಿಯ ವೀರಭದ್ರ ದೇವಾಲಯದಲ್ಲಿ ಪೊಲೀಸರ ಕಾವಲಿನಲ್ಲಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಹೋಗಿ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಗುಂಡಿಗೆ ಬಲಿಯಾದ ಘಟನೆಯಿಂದ. ಆ ಕಂದಾಯಕ್ಕೆ ಆಧಾರವಾದ ಭೂದಾಖಲೆಗಳಾದರೋ, ಸ್ವಾತಂತ್ರ್ಯ ಬಂದ ಮೇಲೆಯೂ ಅರ್ಧ ಶತಮಾನ ತಲಾಟಿಯ ಕೈಬರಹದಲ್ಲಿಯೇ ಉಳಿದಿದ್ದು, ಈ ಶತಮಾನದ ಆದಿಯಲ್ಲಿ ರಾಜ್ಯ ಸರಕಾರದ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದುವು. ರೈತನು ತಾಲೂಕು ಕಚೇರಿಗೆ ಹೋಗಿ 15 ರೂಪಾಯಿ ತೆತ್ತು ಅಚ್ಚಾದ ಉತಾರವನ್ನು ಪಡೆಯುವ ಕಾಲ ಬಂದಿತು. ಹಾವೇರಿಯ ಈ ಸೀಮೆಯಲ್ಲಿ ಗಣಕಯಂತ್ರದ ಚರಿತ್ರೆಯನ್ನು ಇಲ್ಲಿಂದಲೇ ತೊಡಗಬೇಕೆಂದು ನಾನು ಭಾವಿಸುತ್ತೇನೆ. ಏಕೆಂದರೆ ಆ ಯಂತ್ರವು ಹಳ್ಳಿಯವರ ಕಣ್ಣಿಗೆ ಮೊದಲು ಬಿದ್ದದ್ದು ವಿಶ್ವಾಸಕ್ಕೆ ಅರ್ಹವಾದ ವಸ್ತುವಾಗಿ, ಸರಕಾರದ ಮುದ್ರೆಯೊಡನೆ.

ಆ ವಿಶ್ವಾಸವನ್ನು ದೃಢಗೊಳಿಸಿದ್ದು ಕನ್ನಡದ ತಂತ್ರಾಂಶಗಳು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವೂ ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯೂ ಮೊದಲಿಗೆ ಹಣವಿಲ್ಲದೆ ದೊರೆತುವು. ಹಾವೇರಿ, ರಾಣೆಬೆನ್ನೂರುಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಸಂಘದ ವಾರ್ಷಿಕ ವರದಿಯವರೆಗೆ ಎಲ್ಲವೂ ಇಂಥ ಅಕ್ಷರಗಳಲ್ಲಿಯೇ ಮೂಡಿತು. ಉಚಿತವಾಗಿ ಬಂದುದು ಹಿತವನ್ನೇ ಮಾಡೀತೆಂಬ ನಂಬಿಕೆಗೆ ಹೀಗೆ ಸಕಾರಣವಾದ ಆಧಾರವಿತ್ತು. ಮನೆಗೆ ಗಣಕಯಂತ್ರ ಬಂದಾಗ ಹಾಡು ಕೇಳಿಸುವ, ಚಿತ್ರ ತೋರಿಸುವ ಉಚಿತ ತಂತ್ರಾಂಶಗಳಿಗೂ ಅದೇ ನಂಬಿಕೆಯು ವಿಸ್ತರಿಸಿತು. ಅನರ್ಥಕ್ಕೆ ದಾರಿಯಾದುದು ಅದೇ.

ಪುಟದಿಂದ ಬೇರೆಯಾಗಿ ತೆರೆದುಕೊಳ್ಳುವ ಜಾಹೀರಾತಿನ ಕಿಟಕಿ, ಅಂದರೆ ‘ಪಾಪ್‌ಅಪ್’, ಹುಟ್ಟಿದ್ದು 1990ರ ದಶಕದ ಉತ್ತರಾರ್ಧದಲ್ಲಿ, ಅಮೆರಿಕದ ಟ್ರೈಪಾಡ್ ಎಂಬ ಜಾಲತಾಣದಲ್ಲಿ. ಕಾರು ತಯಾರಿಸುವ ಒಂದು ಸಂಸ್ಥೆಯ ಜಾಹೀರಾತು ಅಶ್ಲೀಲವಾದ ಪುಟವೊಂದರಲ್ಲಿ ಕಾಣಿಸಿ ಆ ಸಂಸ್ಥೆಯು ಆಕ್ಷೇಪಿಸಲು, ಜಾಹೀರಾತಿಗೂ ಪುಟಕ್ಕೂ ಸಂಬಂಧವಿಲ್ಲವೆಂದು ತೋರಿಸುವುದಕ್ಕಾಗಿ ಈಥನ್ ಝಕರ್‌ಮನ್ ಎಂಬವರು ಅದನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ವಿಧಿಯನ್ನು ಬರೆದರು. 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನೂ ಯಾಚಿಸಿದರು. ಆದರೆ ಅವರ ಕಿಟಕಿ ಪುಟವನ್ನು ಬಿಟ್ಟೊಡನೆ ಮುಗಿಯುವಂಥದು. ಯಂತ್ರದೊಳಗೇ ಬೇರೂರಿದ ‘ಆಡ್‌ವೇರ್’ ಅದಕ್ಕಿಂತ ಘೋರವಾದುದು. 1998ರಲ್ಲಿ ಸ್ಥಾಪಿತವಾದ ಗೇಟರ್ ಎಂಬ ಸಂಸ್ಥೆ ಗುಪ್ತಪದಗಳನ್ನು ನೆನಪಿಡುವ ಸಾಧನವನ್ನು ಉಚಿತವಾಗಿ ಕೊಟ್ಟು, ಬಳಸುವವನು ನೋಡುತ್ತಿದ್ದ ಪುಟಗಳ ಮೇಲೆ ತನ್ನ ಜಾಹೀರಾತನ್ನು ಹರಡಿತು. ಅಮೆರಿಕದ ಪತ್ರಿಕಾ ಸಂಸ್ಥೆಗಳು 2002ರಲ್ಲಿ ಅದರ ಮೇಲೆ ದಾವೆ ಹೂಡಿದುವು.

ನಮ್ಮ ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದಲ್ಲಿಯೇ, ತನ್ನ 43ನೆಯ ಕಲಮಿನಲ್ಲಿ, ಒಡೆಯನ ಅನುಮತಿಯಿಲ್ಲದೆ ಯಂತ್ರದೊಳಕ್ಕೆ ದೂಷಕ ತಂತ್ರಾಂಶವನ್ನು ಸೇರಿಸುವುದಕ್ಕೆ ಪರಿಹಾರವನ್ನು ವಿಧಿಸಿತು. ಆದರೆ ಆಡ್‌ವೇರ್ ಬರುತ್ತಿದ್ದುದು ಅನುಮತಿಯ ವೇಷದಲ್ಲಿಯೇ. ಹತ್ತಾರು ಪುಟಗಳ ಇಂಗ್ಲಿಷ್ ಕರಾರಿನ ಕೆಳಗೆ ಮೊದಲೇ ಗುರುತು ಹಾಕಿಟ್ಟ ಚೌಕವಿದ್ದು, ‘ನೆಕ್ಸ್ಟ್’ ಎಂಬುದನ್ನು ಒತ್ತುತ್ತ ಹೋದ ಕನ್ನಡದ ಗೃಹಸ್ಥನು ಒಪ್ಪಿದನೆಂದು ಲೆಕ್ಕವಾಗುತ್ತಿತ್ತು. ಓದಲು ಬಾರದವನ ಹೆಬ್ಬೆಟ್ಟನ್ನು ಸಾಲಪತ್ರಕ್ಕೆ ಒತ್ತಿಸಿಕೊಂಡ ಸಾಹುಕಾರನ ವ್ಯವಹಾರಕ್ಕಿಂತ ಇದು ನ್ಯಾಯವಾದುದೆಂದು ನಾನು ಒಪ್ಪಲಾರೆ.

2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣದೊಡನೆ ಬ್ರೌಸರಿಗೇ ಕಿಟಕಿ ತಡೆಯುವ ಶಕ್ತಿ ಬಂದಿತಾದರೂ, ಒಳಗೆ ಸೇರಿದ್ದ ತಂತ್ರಾಂಶಕ್ಕೆ ಅದರಿಂದ ಬಾಧೆಯಿರಲಿಲ್ಲ. ಒಂದು ಕಡೆ ಅಳಿಸಿದರೆ, ನಿಯತಕಾಲಕ್ಕೆ ಏಳುವಂತೆ ಯಂತ್ರದಲ್ಲಿ ನಮೂದಾದ ಇನ್ನೊಂದು ಆಜ್ಞೆ ಅದನ್ನು ಪುನಃ ತಂದಿರಿಸುತ್ತಿತ್ತು. ಬ್ರೌಸರನ್ನು ತೆರೆಯುವ ಚಿಹ್ನೆಯ ವಿಳಾಸಕ್ಕೇ ಜಾಹೀರಾತಿನ ವಿಳಾಸವು ಅಂಟಿಕೊಂಡಿರುತ್ತಿತ್ತು. ಮೂಲವನ್ನು ಹುಡುಕುವ ವ್ಯವಧಾನವಿಲ್ಲದ ಕಡೆಗಳಲ್ಲಿ ‘ಫಾರ್ಮ್ಯಾಟ್ ಹೊಡೆಸುವ’, ಅಂದರೆ ಯಂತ್ರದಲ್ಲಿದ್ದುದೆಲ್ಲವನ್ನೂ ಅಳಿಸಿಬಿಡುವ, ಪದ್ಧತಿ ಬೆಳೆಯಿತು. ಬೇರೆಡೆ ಪ್ರತಿಯಿರಿಸದ ಮನೆಗಳಲ್ಲಿ ಜಾಹೀರಾತಿನೊಡನೆ ಮದುವೆಯ ಭಾವಚಿತ್ರಗಳೂ ನುಡಿಯಲ್ಲಿ ಬರೆದಿಟ್ಟ ಕಾಗದಪತ್ರಗಳೂ ನಾಶವಾದುವು. 1999ರ ಆಡ್-ಅವೇರ್, 2000ದ ಸ್ಪೈಬಾಟ್, 2011ರ ಆಡ್‌ಡಬ್ಲ್ಯೂಕ್ಲೀನರ್ ಮೊದಲಾದ ಉಚಿತ ಶೋಧಕಗಳು ಇದ್ದೂ ಹೀಗಾದುದು ನಿಜಕ್ಕೂ ದುಃಖದ ಸಂಗತಿ. 2017ರ ಜೂನಿನಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯು ‘ಫೈರ್‌ಬಾಲ್’ ಎಂಬ ಆಡ್‌ವೇರಿನ ಹಾವಳಿಯನ್ನು ಅಂದಾಜು ಮಾಡಿದಾಗ, ಅದು ಹೊಕ್ಕಿದ್ದ ಜಗತ್ತಿನ 25 ಕೋಟಿ ಯಂತ್ರಗಳಲ್ಲಿ 2.53 ಕೋಟಿ ಭಾರತದವು. ಬೇರಾವ ದೇಶದಲ್ಲಿಯೂ ಅಷ್ಟಿರಲಿಲ್ಲ.

2015ರಲ್ಲಿ ಕ್ರೋಮ್ ಬ್ರೌಸರು ಜಾಲತಾಣಗಳಿಗೆ ಸೂಚನೆ ಕಳುಹಿಸುವ ಅವಕಾಶವನ್ನು ಕೊಟ್ಟ ಮೇಲೆ ಈ ಉಪದ್ರವವು ಯಾವ ತಂತ್ರಾಂಶವೂ ಇಲ್ಲದೆ ನಡೆಯತೊಡಗಿತು. ಚಲನಚಿತ್ರ ನೋಡಬೇಕಾದರೆ ‘ಅನುಮತಿಸಿ’ ಎಂಬುದನ್ನು ಒತ್ತಿರೆಂದು ಪುಟವು ನಂಬಿಸುತ್ತದೆ. ಒತ್ತಿದ ಮೇಲೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೂಚನೆಗಳ ಪಟ್ಟಿಯನ್ನು ತೆರೆದು ಆ ತಾಣದ ಹೆಸರನ್ನು ತೆಗೆದುಹಾಕುವವರೆಗೆ ಪರದೆಯ ಮೂಲೆಯಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ. ಫಾರ್ಮ್ಯಾಟಿನ ಅಗತ್ಯ ಇಲ್ಲಿ ಎಳ್ಳಷ್ಟೂ ಇಲ್ಲವೆಂಬುದನ್ನು ದುರಸ್ತಿಯ ಅಂಗಡಿಯವರು ಗಿರಾಕಿಗೆ ಮೊದಲೇ ತಿಳಿಸಬೇಕು.